ವೆನಿಸ್‌ನಲ್ಲಿ ಅರಮನೆಯಂಥ ಮನೆ ಬಾಡಿಗೆಗೆ ಹಿಡಿಯೋದು ಹೇಗೆ?

ವೆನಿಸ್‌ಗೆ ಹೋದ್ರೆ ಹೋಟೆಲ್ ರೂಮ್ ಬೇಡ, ಹಳೇ ಪಲಾತ್ಸೊ ಅಂದ್ರೆ ಶ್ರೀಮಂತ ಮನೆತನಗಳ ಮಹಲಲ್ಲಿ ಒಂದು ಇಡೀ ಫ್ಲೋರ್ ತಗೊಂಡು ವಾರ ಇದ್ದು ಬರೋಣ ಅನ್ನೋ ಆಸೆ ತುಂಬಾ ಜನಕ್ಕಿರತ್ತೆ, ಅದರಲ್ಲೂ ಅಪ್ಪ ಅಮ್ಮ, ಅತ್ತೆ ಮಾವ, ಮಕ್ಕಳು ಅಂತ ಏಳೆಂಟು ಜನ ಒಟ್ಟಿಗೆ ಹೊರಡೋರಿಗೆ. ಆಸೆ ಒಳ್ಳೇದೇ, ಆದ್ರೆ ಬೇರೆ ಊರಲ್ಲಿ ಮನೆ ಹುಡುಕಿದ ಹಾಗೆ ಇಲ್ಲಿ ಹುಡುಕಿದ್ರೆ ನಡೆಯಲ್ಲ. ಕಾರು, ಬಸ್ಸು ಎಲ್ಲ ಪಿಯಾತ್ಸಾಲೆ ರೋಮಾ ಅನ್ನೋ ಜಾಗದಲ್ಲೇ ನಿಲ್ಲತ್ತೆ, ಅಲ್ಲಿಂದ ಮುಂದೆ ದೋಣಿ ಇಲ್ಲಾ ನಡಿಗೆ. ಊರಲ್ಲಿ 400ಕ್ಕೂ ಹೆಚ್ಚು ಸೇತುವೆ, ಹೆಚ್ಚಿನವಕ್ಕೆಲ್ಲ ಮೆಟ್ಟಿಲು. ಅದಕ್ಕೇ ಫೋಟೋದಲ್ಲಿ ಮುರಾನೋ ಗಾಜಿನ ತೂಗುದೀಪ ನೋಡಿ ಮರುಳಾಗೋ ಮೊದಲು ಆ ಮನೆ ಬಾಗಿಲು ಎಲ್ಲಿದೆ, ಅಲ್ಲೀತನಕ ಅಮ್ಮನ ಮಂಡಿ ಮತ್ತೆ ನಿಮ್ಮ ಸೂಟ್‌ಕೇಸು ಹೇಗೆ ತಲುಪತ್ತೆ ಅಂತ ವಿಚಾರಿಸಿ. ಇಲ್ಲಿ ಲಕ್ಷುರಿ ಅಂದ್ರೆ ಅರ್ಧಕ್ಕರ್ಧ ಅದೇ.

ಮೊದಲು ತಿಂಗಳು ನಿರ್ಧರಿಸಿ

ಏಪ್ರಿಲ್-ಮೇ, ಇಲ್ಲಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್, ನನ್ನ ಲೆಕ್ಕದಲ್ಲಿ ಇವೇ ಒಳ್ಳೇ ತಿಂಗಳುಗಳು. ಜುಲೈ-ಆಗಸ್ಟಲ್ಲಿ ಸೆಕೆ, ಸೊಳ್ಳೆ, ಜನಜಂಗುಳಿ ಮೂರೂ ಇರತ್ತೆ, ಎಸಿ ಇದ್ಯಾ, ಕಿಟಕಿಗೆ ಸೊಳ್ಳೆ ಪರದೆ ಇದ್ಯಾ ಅಂತ ಕೇಳ್ಲೇಬೇಕು. ಕಾರ್ನಿವಲ್ ಟೈಮಲ್ಲಿ, ಜುಲೈ ಮೂರನೇ ಭಾನುವಾರದ ರೆದೆಂತೋರೆ ಹಬ್ಬದಲ್ಲಿ, ಆಗಸ್ಟ್ ಕೊನೆ-ಸೆಪ್ಟೆಂಬರ್ ಶುರುವಿನ ಸಿನಿಮಾ ಉತ್ಸವದಲ್ಲಿ ಬಾಡಿಗೆ ಮೇಲೇರತ್ತೆ. ನವೆಂಬರಲ್ಲಿ ಇಳಿಯತ್ತೆ, ಊರೂ ಶಾಂತ, ಆದ್ರೆ ಅದು ಅಕ್ವಾ ಆಲ್ತಾ ಅಂದ್ರೆ ನೀರು ಏರೋ ಕಾಲ. 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರ್ ಮುಟ್ಟಿತ್ತು (ಇದು ಬೀದಿ ಮೇಲಿನ ಆಳ ಅಲ್ಲ, ಸಮುದ್ರಮಟ್ಟದ ಹಳೇ ಗುರುತಿಂದ ಅಳೆದದ್ದು). 2020ರ ಅಕ್ಟೋಬರಿಂದ ಮೋಸೆ ಅನ್ನೋ ತಡೆಗೋಡೆಗಳು ಸಮುದ್ರದ ಬಾಯಲ್ಲಿ ಎದ್ದು ನಿಂತು ದೊಡ್ಡ ಉಬ್ಬರ ತಡೀತಿವೆ, ಆದ್ರೂ ಅದಕ್ಕಿಂತ ಕಮ್ಮಿ ನೀರಿಗೂ ಸೇಂಟ್ ಮಾರ್ಕ್ಸ್ ಚೌಕದಂಥ ತಗ್ಗು ಜಾಗ ಒದ್ದೆಯಾಗಬಹುದು. ಹಾಗಾಗಿ ಯಾವ ತಿಂಗಳಾದ್ರೂ ನೆಲಮಹಡಿ ಮನೆ ಬೇಡ.

ವೀಸಾ ಆಗೋವರೆಗೂ ದುಡ್ಡು ಸಿಕ್ಕಿಹಾಕಿಸ್ಬೇಡಿ

ಇಟಲಿಗೆ ಬೇಕಾದ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಪ್ರಯಾಣದ 6 ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಕೊನೇ ಗಡುವು 15 ದಿನ ಮೊದಲು, ಅಲ್ಲೀತನಕ ಕಾಯೋದು ಮಾತ್ರ ಬೇಡ. ದೊಡ್ಡವರಿಗೆ ಫೀಸು 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್. ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೇ ಅರ್ಜಿ, ವೆನಿಸ್‌ನಲ್ಲಿ ವಾರ, ಪ್ಯಾರಿಸಲ್ಲಿ ಮೂರು ದಿನ ಅಂದ್ರೆ ಇಟಲಿಗೆ. ವೀಸಾಗೆ ವಾಸದ ದಾಖಲೆ ಬೇಕು, ಅದಕ್ಕೆ ಮನೆ ಬುಕ್ ಆಗಿರ್ಬೇಕು, ಆದ್ರೆ ದೊಡ್ಡ ಮನೆಗಳಿಗೆ ಅರ್ಧ ಬಾಡಿಗೆ ಮೊದಲೇ ಕೇಳ್ತಾರೆ, ಕ್ಯಾನ್ಸಲ್ ಮಾಡಿದ್ರೆ ವಾಪಸ್ಸಿಲ್ಲ ಅಂತಾರೆ. ವೀಸಾ ಸಿಗದಿದ್ರೆ ದುಡ್ಡು ವಾಪಸ್ ಕೊಡ್ತೀರಾ ಅಂತ ಬರವಣಿಗೆಯಲ್ಲೇ ಕೇಳಿ ತಗೊಳ್ಳಿ, ಒಪ್ಪದಿದ್ರೆ ಬೇರೆ ಮನೆ ನೋಡಿ.

ಆಮೇಲೆ ಬಡಾವಣೆ, ಬಾಗಿಲು

ಊರು ಆರು ಸೆಸ್ತಿಯೇರೆ ಅಂದ್ರೆ ಆರು ಭಾಗ: ಸಾನ್ ಮಾರ್ಕೊ, ಕ್ಯಾಸ್ಟೆಲ್ಲೊ, ಕನ್ನರೆಜಿಯೊ, ಸಾನ್ ಪೋಲೊ, ಸಾಂತಾ ಕ್ರೋಚೆ, ದೊರ್ಸೊದೂರೊ. ಸಾನ್ ಮಾರ್ಕೊ ಎಲ್ಲದಕ್ಕೂ ಹತ್ತಿರ ಆದ್ರೆ ಹಗಲೆಲ್ಲ ಜಾತ್ರೆ. ಹಿರಿಯರು, ಮಕ್ಕಳು ಇದ್ರೆ ನಾನು ದೊರ್ಸೊದೂರೊ ಅಂತೀನಿ, ಅದರ ದಕ್ಷಿಣಕ್ಕೆ ತ್ಸಾತೆರೆ ಅನ್ನೋ ಅಗಲವಾದ ದಡ ಇದೆ, ಬಿಸಿಲು ಬೀಳತ್ತೆ, ಸಂಜೆ ವಾಕಿಂಗಿಗೆ ಹೇಳಿ ಮಾಡಿಸಿದ ಜಾಗ.

ಅಡ್ರೆಸ್ ನೋಡಿ ಏನೂ ಗೊತ್ತಾಗಲ್ಲ, ಯಾಕಂದ್ರೆ ಮನೆ ನಂಬರು ಬೀದಿಗಲ್ಲ, ಇಡೀ ಬಡಾವಣೆಗೆ ಒಂದೇ ಸರಣಿಯಲ್ಲಿ ಸಾವಿರಗಟ್ಟಲೆ ಹೋಗತ್ತೆ. ಅದಕ್ಕೇ ಮಾಲೀಕರಿಗೆ ನೇರವಾಗಿ ಈ ಪ್ರಶ್ನೆ ಹಾಕಿ: ಹತ್ತಿರದ ವಪೊರೆತ್ತೊ (ಬಸ್ಸಿನ ಹಾಗೆ ಓಡೋ ದೋಣಿ) ಸ್ಟಾಪ್ ಯಾವುದು, ಅಲ್ಲಿಂದ ಎಷ್ಟು ಸೇತುವೆ ಹತ್ತಿಳೀಬೇಕು, ಬಾಗಿಲಿಂದ ಮನೆಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದ್ಯಾ. ಆಮೇಲೆ ಮನೆಗೆ ನೀರಿನ ಬಾಗಿಲು ಇದ್ಯಾ, ಅದನ್ನ ಈಗ್ಲೂ ಬಳಸ್ತಾರಾ ಅಂತ ಕೇಳಿ. ಹಳೇ ಪಲಾತ್ಸೊಗಳಿಗೆ ಕಾಲುವೆ ಕಡೆ ಒಂದು ಬಾಗಿಲಿರತ್ತೆ, ಟ್ಯಾಕ್ಸಿ ದೋಣಿ ಅಲ್ಲೀತನಕ ಬಂದು ನಿಲ್ಲತ್ತೆ. ನೀರು ಇಳಿದಾಗ ಮಾತ್ರ ಕೆಳಗಿನ ಮೆಟ್ಟಿಲು ಹಸಿರು ಪಾಚಿ ಸಮೇತ ಹೊರಗೆ ಬರತ್ತೆ, ಭಯಂಕರ ಜಾರತ್ತೆ, ವಯಸ್ಸಾದವರನ್ನ ಕೈ ಹಿಡಿದೇ ಇಳಿಸ್ಬೇಕು.

ಒಳಗಡೆ ಏನು ನೋಡ್ಬೇಕು

ಪಿಯಾನೊ ನೋಬಿಲೆ ಅಂತ ಬರೆದಿದ್ರೆ ಅದು ಮನೆಯೊಡೆಯರು ತಾವು ಇರೋಕೆ ಅಂತ ಕಟ್ಟಿಸಿಕೊಂಡ ಮಹಡಿ, ಸಾಮಾನ್ಯವಾಗಿ ಮೊದಲನೇದು. ಎತ್ತರದ ಛಾವಣಿ, ಕಲ್ಲಿನ ಚೂರು ಸೇರಿಸಿ ಪಾಲಿಶ್ ಮಾಡಿದ, ಹೊಳೆಯೋ ತೆರ್ರಾತ್ಸೊ ನೆಲ, ಮಧ್ಯದಲ್ಲಿ ಪೋರ್ತೆಗೊ ಅನ್ನೋ ಉದ್ದ ಹಜಾರ, ಅದರ ತುದಿಯಲ್ಲಿ ಕಾಲುವೆಗೆ ಮುಖ ಮಾಡಿದ ಕಿಟಕಿ ಸಾಲು. ದುಡ್ಡು ಕೊಡೋದೇ ಆದ್ರೆ ಇದಕ್ಕೆ ಕೊಡಿ. ಒಂದೇ ಎಚ್ಚರಿಕೆ, ಕೆಲವು ಹಳೇ ಮನೆಗಳಲ್ಲಿ ಒಂದು ಬೆಡ್‌ರೂಮ್ ದಾಟಿ ಇನ್ನೊಂದಕ್ಕೆ ಹೋಗ್ಬೇಕಾಗತ್ತೆ, ಎರಡು ಸಂಸಾರ ಇದ್ರೆ ಕಷ್ಟ, ಫ್ಲೋರ್ ಪ್ಲಾನ್ ತರಿಸ್ಕೊಂಡು ಬಾತ್‌ರೂಮ್ ಎಷ್ಟು, ಎಲ್ಲಿ ಅಂತ ನೋಡಿ. ಊರ ಮಧ್ಯದ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಕಡೆ ಹಜಾರ ಇರ್ಲಿ, ಮಲಗೋ ಕೋಣೆ ಹಿಂದುಗಡೆ ತೋಟಕ್ಕೋ ಚಿಕ್ಕ ಕಾಲುವೆಗೋ ತೆರೆಯೋ ಮನೆ ಸಿಕ್ಕಿದ್ರೆ ಪುಣ್ಯ, ಯಾಕಂದ್ರೆ ದೋಣಿಗಳು ರಾತ್ರಿಯೂ ಓಡತ್ತೆ, ಬೆಳಗಾಗೋದ್ರೊಳಗೆ ಸಾಮಾನು ಹೊತ್ತ ದೋಣಿಗಳು ಶುರು. ಆಲ್ತಾನಾ ಅನ್ನೋ ಮರದ ತಾರಸಿ ತುಂಬಾ ಚಂದ, ಆದ್ರೆ ಹತ್ತೋ ಮೆಟ್ಟಿಲು ಕಡಿದಾಗಿರತ್ತೆ, ಮಕ್ಕಳನ್ನ ಒಂಟಿಯಾಗಿ ಬಿಡ್ಬೇಡಿ.

ಕಾಗದ ಪತ್ರ

2025ರ ಜನವರಿ 1ರಿಂದ ಇಟಲಿಯಲ್ಲಿ ಬಾಡಿಗೆಗೆ ಬಿಡೋ ಪ್ರತಿ ಪ್ರವಾಸಿ ಮನೆಗೂ ಸಿನ್ ಅನ್ನೋ ರಾಷ್ಟ್ರೀಯ ಕೋಡ್ ಕಡ್ಡಾಯ, ಜಾಹೀರಾತಲ್ಲೂ ಮನೆ ಹೊರಗೂ ಇರ್ಬೇಕು. ಕೋಡ್ ಇಲ್ಲದ ಮನೆ ಎಷ್ಟೇ ಚೆನ್ನಾಗಿರ್ಲಿ ಬಿಟ್ಟುಬಿಡಿ. ಹಳೇ ವೆನಿಸ್‌ನಲ್ಲಿ ಖಾಯಂ ವಾಸ ಇರೋರು 50,000ಕ್ಕಿಂತ ಕಮ್ಮಿಯಾಗಿದಾರೆ, ಮನೆಗಳೆಲ್ಲ ಟೂರಿಸ್ಟ್ ಪಾಲಾಗ್ತಿದೆ ಅನ್ನೋ ಅವರ ನೋವು ನಿಜವಾದದ್ದು, ಕಾನೂನುಬದ್ಧ ಮನೆ ಹಿಡಿಯೋದು ನಾವು ಕೊಡಬಹುದಾದ ಕನಿಷ್ಠ ಮರ್ಯಾದೆ. ಬುಕಿಂಗ್ ವೆಬ್‌ಸೈಟ್ ಬಿಟ್ಟು ನೇರ ಬ್ಯಾಂಕಿಗೆ ದುಡ್ಡು ಹಾಕಿ ಡಿಸ್ಕೌಂಟ್ ಕೊಡ್ತೀನಿ ಅಂದ್ರೆ ಬೇಡ. ಬಾಡಿಗೆ ಜೊತೆ ಕ್ಲೀನಿಂಗ್ ಚಾರ್ಜು, ಡಿಪಾಸಿಟ್ಟು, ಮೊದಲ 5 ರಾತ್ರಿಗೆ ತಲಾ ಲೆಕ್ಕದಲ್ಲಿ ಪ್ರವಾಸಿ ತೆರಿಗೆ (10 ವರ್ಷದೊಳಗಿನ ಮಕ್ಕಳಿಗಿಲ್ಲ) ಇರತ್ತೆ. ಎಲ್ಲರ ಪಾಸ್‌ಪೋರ್ಟ್ ಕೇಳ್ತಾರೆ, ಗಾಬರಿ ಬೇಡ, ಪೊಲೀಸರಿಗೆ ವಿವರ ಕೊಡೋದು ಮಾಲೀಕರ ಕರ್ತವ್ಯ. 2024ರಲ್ಲಿ ಶುರುವಾದ ಪ್ರವೇಶ ಶುಲ್ಕ ದಿನದ ಮಟ್ಟಿಗೆ ಬಂದು ಹೋಗೋರಿಗೆ, ರಾತ್ರಿ ಉಳಿಯೋರಿಗೆ ವಿನಾಯ್ತಿ ಇದೆ, ಆದ್ರೆ ಶುಲ್ಕ ಇರೋ ದಿನಗಳಿಗೆ ಆ ವಿನಾಯ್ತಿಯನ್ನ ನಗರಸಭೆ ಪೋರ್ಟಲಲ್ಲಿ ಮೊದಲೇ ಪಡ್ಕೊಂಡಿರಿ.

ಅಡುಗೆ ಮನೆ

ಹುಳಿಪುಡಿ, ಚಟ್ನಿಪುಡಿ ಧಾರಾಳವಾಗಿ ತಗೊಂಡು ಹೋಗಿ. ತುಪ್ಪ ಬೇಡ, ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ಬಿಡಲ್ಲ, ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ತರಕಾರಿಗೆ ರಿಯಾಲ್ತೊ ಮಾರ್ಕೆಟ್, ಬೆಳಗ್ಗೆನೇ ಹೋಗಿ, ಭಾನುವಾರ ರಜ, ಮೀನಿಗೆ ಸೋಮವಾರನೂ ರಜ. ವಸಂತದಲ್ಲಾದ್ರೆ ಪಕ್ಕದ ಸಾಂತೆರಾಸ್ಮೊ ದ್ವೀಪದಲ್ಲಿ ಬೆಳೆದ ನೇರಳೆ ಬಣ್ಣದ ಎಳೇ ಆರ್ಟಿಚೋಕ್ ಸಿಗತ್ತೆ, ತೆಳ್ಳಗೆ ಹೆಚ್ಚಿ ನಿಂಬೆರಸ, ಉಪ್ಪು, ಆಲಿವ್ ಎಣ್ಣೆ ಹಾಕಿದ್ರೆ ನಮ್ಮ ಕೋಸಂಬರಿ ಪ್ರಿಯರಿಗೆ ಖಂಡಿತ ಹಿಡಿಸತ್ತೆ. ನಲ್ಲಿ ನೀರು ಕುಡೀಬಹುದು. ಕಸ ವಿಂಗಡಿಸಿ ಬೆಳಗ್ಗೆ ಆಳು ಬಂದಾಗ ಕೊಡ್ಬೇಕು, ರಾತ್ರಿ ಬಾಗಿಲಲ್ಲಿಟ್ರೆ ಸೀಗಲ್ ಹಕ್ಕಿಗಳು ಚೀಲ ಹರಿದು ಚೆಲ್ಲಾಪಿಲ್ಲಿ ಮಾಡತ್ತೆ.

ತಲುಪೋದು, ಓಡಾಡೋದು

ಬೆಂಗಳೂರಿಂದ ದುಬೈ, ದೋಹಾ ಅಥವಾ ಯುರೋಪಿನ ಇನ್ನೊಂದು ಊರಲ್ಲಿ ವಿಮಾನ ಬದಲಾಯಿಸಿ ಮಾರ್ಕೊ ಪೋಲೊ ಏರ್‌ಪೋರ್ಟಲ್ಲಿ ಇಳೀತೀರಿ. ಅಲ್ಲಿಂದ ಟ್ಯಾಕ್ಸಿ ದೋಣಿಗೆ 100 ಯೂರೋ ಮೇಲೇ ಆಗತ್ತೆ, ಆದ್ರೆ ಅಷ್ಟು ಜನ, ಅಷ್ಟು ಲಗೇಜ್ ಇದ್ದಾಗ ಇಡೀ ಟ್ರಿಪ್ಪಲ್ಲಿ ಇದೊಂದಕ್ಕೆ ಕೈ ಹಿಡೀಬೇಡಿ. ಊರೊಳಗೆ ವಪೊರೆತ್ತೊ ಟಿಕೆಟ್ 75 ನಿಮಿಷಕ್ಕೆ 9.50 ಯೂರೋ, ವಾರದ ಪಾಸ್ ಉಳಿತಾಯ, ಆದ್ರೆ ಆ ಪಾಸು ಏರ್‌ಪೋರ್ಟಿನ ಅಲಿಲಗೂನಾ ದೋಣಿಗೆ ನಡೆಯಲ್ಲ. ಗೊಂಡೋಲಾಗೆ ಹಗಲಲ್ಲಿ ನಿಗದಿ ದರ 30 ನಿಮಿಷಕ್ಕೆ 90 ಯೂರೋ, ಅದು ಇಡೀ ದೋಣಿಗೆ, ತಲೆಗಲ್ಲ, ಹತ್ತೋ ಮೊದಲು ಮಾತಾಡಿಕೊಳ್ಳಿ. ವಾಪಸ್ ಹೊರಡೋ ದಿನದ ಟ್ಯಾಕ್ಸಿ ದೋಣಿಯನ್ನ ಹಿಂದಿನ ದಿನವೇ ಹೇಳಿಡಿ, ಆ ಹೊತ್ತಿಗೆ ನೀರು ಎಷ್ಟಿರತ್ತೆ, ನಿಮ್ಮ ಬಾಗಿಲಿಗೆ ದೋಣಿ ಬರತ್ತಾ ಅಂತ ಮಾಲೀಕರನ್ನ ಕೇಳಿ, ಬರಲ್ಲ ಅಂದ್ರೆ ಲಗೇಜ್ ಹೊರೋಕೆ ಒಬ್ಬರನ್ನ ಅವರ ಕೈಯಲ್ಲೇ ಗೊತ್ತು ಮಾಡಿಸ್ಕೊಳ್ಳಿ.