ತಟ್ಟೆಯ ಆಚೆ ಬದಿಯಲ್ಲಿ ಕೂರುವವರಿಗೆ: ಈಟಿಂಗ್ ಡಿಸಾರ್ಡರ್ ಚೇತರಿಕೆಯಲ್ಲಿ ಮನೆಯವರ ಕೆಲಸ

ಈಟಿಂಗ್ ಡಿಸಾರ್ಡರ್ ಎಂದರೆ ಊಟ, ತೂಕ, ಮೈಯಾಕಾರದ ಚಿಂತೆಯೇ ಬದುಕನ್ನು ಆಳುವ ಮನಸ್ಸಿನ ಕಾಯಿಲೆ. ಚಿಕಿತ್ಸೆ ಶುರುವಾದ ಮೇಲೆ ವೈದ್ಯರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಿಗುತ್ತಾರೆ. ಆಪ್ತಸಮಾಲೋಚಕರ ಜೊತೆ ಒಂದು ಗಂಟೆ. ಊಟ, ತಿಂಡಿ ಮಾತ್ರ ದಿನಕ್ಕೆ ಆರು ಸಲ, ವಾರಕ್ಕೆ 42 ಸಲ ಬರುತ್ತವೆ. ಅಷ್ಟೂ ಸಲ ಎದುರಿಗೆ ಕೂರುವವರು ಅಮ್ಮನೋ, ಅಪ್ಪನೋ, ಗಂಡನೋ, ಅಕ್ಕನೋ. ಕಾಯಿಲೆ ಮನಸ್ಸಿನದ್ದೇ ಆದರೂ ಚೇತರಿಕೆಯ ಬಹುಪಾಲು ನಡೆಯುವುದು ಆ ಮೇಜಿನ ಮೇಲೆ. ಹಾಗಾಗಿ ಇಲ್ಲಿ ಹೆಚ್ಚು ಮಾತು ಅದರದ್ದೇ.

ಮೊದಲು ತಪಾಸಣೆ, ಆಮೇಲೆ ತಟ್ಟೆ

ಬಹಳ ದಿನ ಸರಿಯಾಗಿ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಪಾಯ. ಹಸಿದ ದೇಹ ಕೊಬ್ಬು ಸುಟ್ಟು ಬದುಕಿರುತ್ತದೆ. ಹಿಟ್ಟು, ಸಕ್ಕರೆಯ ಅಂಶ ಒಳಗೆ ಬಂದ ಕೂಡಲೇ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಲಯ ತಪ್ಪಬಹುದು, ಉಸಿರಾಟದ ಸ್ನಾಯುಗಳು ಸೋಲಬಹುದು. ಇದೇ ರೀಫೀಡಿಂಗ್ ಸಿಂಡ್ರೋಮ್. ವಯಸ್ಕರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 16ಕ್ಕಿಂತ ಕೆಳಗಿದ್ದರೆ, 3ರಿಂದ 6 ತಿಂಗಳಲ್ಲಿ ತೂಕ ಶೇ 15ಕ್ಕಿಂತ ಹೆಚ್ಚು ಇಳಿದಿದ್ದರೆ, ಅಥವಾ 10 ದಿನಕ್ಕೂ ಹೆಚ್ಚು ಕಾಲ ಹೆಸರಿಗಷ್ಟೇ ತಿಂದಿದ್ದರೆ ವೈದ್ಯರ ನಿಗಾ ಇಲ್ಲದೆ ಊಟ ಏರಿಸಬಾರದು. ಅಂಥವರಿಗೆ ಮೊದಲ ಒಂದೆರಡು ವಾರ ಪದೇಪದೇ ರಕ್ತ ಪರೀಕ್ಷೆ ಮಾಡುತ್ತಾರೆ, ಊಟಕ್ಕೆ ಮುಂಚೆಯೇ ಥಯಾಮಿನ್ (ವಿಟಮಿನ್ ಬಿ1) ಶುರು ಮಾಡುತ್ತಾರೆ. ಈ ದಿನಗಳಲ್ಲಿ ಕಾಲು ಊದಿಕೊಂಡರೆ, ಏದುಸಿರು ಬಂದರೆ, ಮಾತು ಗೊಂದಲವಾದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯುವಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಮೈ ತೆಳ್ಳಗಿದ್ದರೆ ಮಾತ್ರ ಕಾಯಿಲೆ ಎಂಬುದು. ದಪ್ಪಗಿದ್ದವರು ಆರು ತಿಂಗಳಲ್ಲಿ ಸರಸರನೆ ತೂಕ ಕಳೆದುಕೊಂಡು 'ನಾರ್ಮಲ್' ಗಾತ್ರಕ್ಕೆ ಬಂದಾಗ ಎಲ್ಲರೂ ಹೊಗಳುತ್ತಾರೆ. ನಾಡಿ ಅಷ್ಟರಲ್ಲಿ ನಿಧಾನವಾಗಿರುತ್ತದೆ, ಮುಟ್ಟು ನಿಂತಿರುತ್ತದೆ. ಗಂಡುಮಕ್ಕಳಿಗೂ ಬರುತ್ತದೆ. ಅವರಲ್ಲಿ ಜಿಮ್, ಪ್ರೋಟೀನ್ ಎಂಬ ಹೆಸರಿನಲ್ಲಿ ಅವಿತಿರುವುದರಿಂದ ತಡವಾಗಿ ಗೊತ್ತಾಗುತ್ತದೆ.

ವಾದ ಏಕೆ ಸೋಲುತ್ತದೆ

1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ತಂಡ 36 ಆರೋಗ್ಯವಂತ ಯುವಕರನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. 1945ರಲ್ಲಿ ಆರು ತಿಂಗಳು ಅವರನ್ನು ಅರೆಹೊಟ್ಟೆಯಲ್ಲಿಟ್ಟು, ತೂಕ ಸುಮಾರು ಕಾಲುಭಾಗ ಇಳಿಯುವಂತೆ ಮಾಡಲಾಯಿತು. ಮಾನಸಿಕವಾಗಿ ಗಟ್ಟಿ ಎಂದೇ ಆರಿಸಿದ್ದ ಆ ಗಂಡಸರು ಅಡುಗೆ ಪುಸ್ತಕ ಓದುತ್ತಾ ಕೂತರು, ಒಂದೊಂದು ಊಟವನ್ನೂ ಗಂಟೆಗಟ್ಟಲೆ ಎಳೆದರು, ಸಿಡುಕಿದರು, ಜನರಿಂದ ದೂರವಾದರು. ಅವರಿಗೆ ಯಾವ ಈಟಿಂಗ್ ಡಿಸಾರ್ಡರ್ ಕೂಡ ಇರಲಿಲ್ಲ, ಇದ್ದದ್ದು ಹಸಿವು. ಮನೆಯಲ್ಲಿ ಕಾಣುವ ಹಠ, ಸಿಟ್ಟು, ಬೇರೆಯವರಿಗೆ ಅಡುಗೆ ಮಾಡಿ ತಾನು ಮುಟ್ಟದಿರುವುದು, ಇವುಗಳಲ್ಲಿ ಒಂದು ದೊಡ್ಡ ಪಾಲು ಸ್ವಭಾವದ್ದಲ್ಲ, ಹಸಿದ ಮಿದುಳಿನದ್ದು. ಹಸಿದ ಮಿದುಳಿಗೆ ಉಪದೇಶ ತಲುಪುವುದಿಲ್ಲ. ಊಟ ತಲುಪಿದ ಮೇಲೆ, ಅದೂ ವಾರಗಟ್ಟಲೆ ತಲುಪಿದ ಮೇಲೆ, ಮಾತು ತಲುಪುತ್ತದೆ.

ಊಟದ ಪಟ್ಟಿ

ಮೂರು ಊಟ, ಎರಡು ಅಥವಾ ಮೂರು ತಿಂಡಿ. ನಡುವೆ 3 ಗಂಟೆಯ ಅಂತರ, ಎಷ್ಟೇ ಆದರೂ 4 ದಾಟಬಾರದು. ಅಂತರ ಹೆಚ್ಚಿದರೆ ಅನೊರೆಕ್ಸಿಯಾದವರಿಗೆ (ದಪ್ಪಗಾಗುವ ಭಯಕ್ಕೆ ಊಟ ಬಿಡುವವರಿಗೆ) ಆ ಹೊತ್ತು ತಪ್ಪಿಸಲು ಹಾದಿ ಸಿಗುತ್ತದೆ, ಬುಲಿಮಿಯಾದವರಿಗೆ (ವಿಪರೀತ ತಿಂದು, ಆಮೇಲೆ ವಾಂತಿಯಂಥ ದಾರಿಯಲ್ಲಿ ಹೊರಹಾಕುವವರಿಗೆ) ಮುಂದಿನ ಊಟ ಬಿಂಜ್, ಅಂದರೆ ತಡೆಯಿಲ್ಲದೆ ಒಮ್ಮೆಲೇ ವಿಪರೀತ ತಿನ್ನುವುದು, ಆಗುತ್ತದೆ. ಎಷ್ಟು ಕ್ಯಾಲೊರಿ ಎಂಬುದನ್ನು ಡಯಟೀಷಿಯನ್ ಹೇಳಬೇಕು. ಆಸ್ಪತ್ರೆಯ ಹೊರಗೆ ತೂಕ ಏರಬೇಕಾದವರಿಗೆ ಸಾಮಾನ್ಯ ಗುರಿ ವಾರಕ್ಕೆ ಅರ್ಧ ಕಿಲೋ. ಅದಕ್ಕೆ ಬೇಕಾಗುವ ಪ್ರಮಾಣ ನೋಡಿ ಮನೆಯವರೇ ಬೆಚ್ಚಿಬೀಳುವುದುಂಟು. ಗಾತ್ರ ಹೆಚ್ಚಿಸಬೇಡಿ, ಸಾಂದ್ರತೆ ಹೆಚ್ಚಿಸಿ: ಎಣ್ಣೆ, ಬೆಣ್ಣೆ, ಕೆನೆ, ಬೀಜಗಳು. ದೊಡ್ಡ ಬಟ್ಟಲು ತರಕಾರಿ ಹೊಟ್ಟೆ ತುಂಬಿಸುತ್ತದೆ, ತೂಕ ಏರಿಸುವುದಿಲ್ಲ. ಕಾಯಿಲೆಗೂ ಇದು ಗೊತ್ತು, ಅದಕ್ಕೇ ತರಕಾರಿ ಕೇಳುತ್ತದೆ.

ಹದಿಹರೆಯದವರಾದರೆ ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಎಂಬ ಮೂರನ್ನೂ ಹೆತ್ತವರೇ ನಿರ್ಧರಿಸಿ, ಅವರೇ ಬಡಿಸಬೇಕು. ಲಂಡನ್ನಿನ ಮಾಡ್‌ಸ್ಲೀ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಆಧಾರಿತ ಚಿಕಿತ್ಸೆಯ ತಿರುಳೇ ಇದು. ಅದು 6ರಿಂದ 12 ತಿಂಗಳು ನಡೆಯುತ್ತದೆ. ಅಡುಗೆ ಮಾಡುವಾಗ ಮಗು ಅಡುಗೆಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದು. ಎಣ್ಣೆ ಹಾಕುವ ಕೈಯನ್ನೇ ನೋಡುತ್ತಾ ನಿಂತರೆ ಜಗಳ ಒಲೆಯ ಮುಂದೆಯೇ ಶುರು. ವಯಸ್ಕರ ವಿಷಯ ಬೇರೆ. ಅವರ ಒಪ್ಪಿಗೆ ಬೇಕು, ಪಟ್ಟಿಯನ್ನು ಅವರ ಜೊತೆ ಕೂತೇ ಬರೆಯಬೇಕು. ಆದರೆ ಬರೆಯುವ ಹೊತ್ತು ಊಟದ ಹೊತ್ತಾಗಿರಬಾರದು. ಹಿಂದಿನ ದಿನ ಬರೆದಿಟ್ಟರೆ ಮೇಜಿನ ಮೇಲೆ 'ಇದು ಪಟ್ಟಿಯಲ್ಲಿದೆ' ಎಂಬ ಒಂದೇ ಮಾತು ಸಾಕು.

ಮೇಜಿನ ಮುಂದೆ

ಊಟಕ್ಕೆ ಸುಮಾರು 30 ನಿಮಿಷ, ತಿಂಡಿಗೆ 15. ಮೊದಮೊದಲು ಒಂದು ಗಂಟೆ ಹಿಡಿದರೂ ಸರಿ, ಆದರೆ ಗಡಿ ಇರಲಿ. ನೀವೂ ತಿನ್ನಿ. ನೀವು ಬರೀ ಚಹಾ ಹಿಡಿದು ಎದುರು ಕೂತರೆ ಅದು ಕಾವಲು. ಫೋನಿನಲ್ಲಿ ಕ್ಯಾಲೊರಿ ಆ್ಯಪ್ ತೆರೆಯುವಂತಿಲ್ಲ. ಟಿವಿಯೋ ಪದಬಂಧವೋ ಇರಲಿ, ಈ ಹಂತದಲ್ಲಿ ಮನಸ್ಸು ಬೇರೆಡೆ ಹೋಗುವುದೇ ಉಪಕಾರ.

ಒಂದು ತಟ್ಟೆಯನ್ನು ಹತ್ತಿರದಿಂದ ನೋಡೋಣ. ಮೊದಲ ಐದು ನಿಮಿಷ ಬ್ರೆಡ್ಡು ಬಟಾಣಿ ಗಾತ್ರದ ಚೂರುಗಳಾಗುತ್ತದೆ. ಚೂರುಗಳು ತಟ್ಟೆಯ ಸುತ್ತ ಪ್ರದಕ್ಷಿಣೆ ಹಾಕುತ್ತವೆ. ಬೆಣ್ಣೆ ಹಚ್ಚಿದ ಬದಿಯನ್ನು ತಟ್ಟೆಗೆ ಒತ್ತಿ ಉಜ್ಜಲಾಗುತ್ತದೆ. ಕೊನೆಗೆ ತಟ್ಟೆ ಮಿನುಗುತ್ತಿದ್ದರೆ ಬೆಣ್ಣೆ ಹೊಟ್ಟೆಗೆ ಹೋಗಿಲ್ಲ. ಕೈ ಒರೆಸಿದ ಟಿಶ್ಯೂ ಉಂಡೆಯಾಗಿ ಭಾರವಾಗುತ್ತದೆ. ಉದ್ದ ತೋಳಿನ ಅಂಗಿ, ಮಡಿಲಲ್ಲಿ ನಾಯಿ. ಲೋಟದಲ್ಲಿ ಎರಡು ಬೆರಳಿನಷ್ಟು ಹಾಲು, 'ಮುಗೀತು' ಎಂಬ ಮಾತಿನ ಜೊತೆ. ಎಲ್ಲವನ್ನೂ ಒಂದೇ ದಿನ ಹಿಡಿಯಲು ಹೋಗಬೇಡಿ. ಟಿಶ್ಯೂ ಮೇಜಿನಿಂದ ಎತ್ತಿಡಿ, ನಾಯಿಯನ್ನು ಹೊರಗೆ ಬಿಡಿ. ಬೆಣ್ಣೆ ಉಜ್ಜುತ್ತಿದ್ದರೆ ನಾಳೆಯಿಂದ ಅದು ಅಡುಗೆಯ ಒಳಗೇ ಸೇರಲಿ. ಕಳ್ಳನನ್ನು ಹಿಡಿದವರ ಧ್ವನಿ ಬೇಡ. ಅವಿತಿಟ್ಟದ್ದು ಕಂಡರೆ 'ಇದು ಉಳಿದಿದೆ' ಎಂದು ಅಷ್ಟೇ ಪ್ರಮಾಣವನ್ನು ಮತ್ತೆ ಬಡಿಸುವುದೇ ಸಾಕು.

ಹಾಲಿನ ಆ ಎರಡು ಬೆರಳು ಬಿಡಬೇಕೇ? ಬಿಡಬೇಡಿ. ಹಾಲಿನ ಕ್ಯಾಲೊರಿಗಾಗಿ ಅಲ್ಲ. ಇಂದು ಎರಡು ಬೆರಳಿಗೆ ಚೌಕಾಸಿ ಕುದುರಿದರೆ ನಾಳೆ ಅರ್ಧ ಲೋಟಕ್ಕೆ ಶುರುವಾಗುತ್ತದೆ.

ಆಡುವ ಮಾತು ಚಿಕ್ಕದಿರಲಿ, ಬೇಸರ ಹುಟ್ಟಿಸುವಷ್ಟು ಒಂದೇ ಥರ ಇರಲಿ. 'ಕಷ್ಟ ಅಂತ ಗೊತ್ತು. ಮುಂದಿನ ತುತ್ತು.' 'ನಾನಿಲ್ಲೇ ಇದ್ದೀನಿ. ಚಮಚ ಎತ್ತು.' 'ಇದರಲ್ಲಿ ಎಷ್ಟು ಕ್ಯಾಲೊರಿ? ನಾನು ದಪ್ಪ ಆಗ್ತೀನಾ?' ಎಂಬ ಪ್ರಶ್ನೆ ಬಂದೇ ಬರುತ್ತದೆ. 'ಇಲ್ಲ, ಆಗಲ್ಲ' ಎಂದರೆ ಎರಡು ನಿಮಿಷಕ್ಕೆ ಅದೇ ಪ್ರಶ್ನೆ ಮತ್ತೆ. ಭರವಸೆ ಇಲ್ಲಿ ಉಪ್ಪುನೀರಿನ ಹಾಗೆ, ಕುಡಿದಷ್ಟೂ ದಾಹ. 'ಆ ಲೆಕ್ಕ ಊಟದ ಹೊತ್ತಲ್ಲಿ ಬೇಡ' ಎಂದು ಬೇರೆ ವಿಷಯಕ್ಕೆ ತಿರುಗಿ. 'ನನಗೋಸ್ಕರ ತಿನ್ನು', 'ನೋಡು, ಅಮ್ಮ ಅಳ್ತಿದ್ದಾಳೆ' ಎಂಬವಂತೂ ಬೇಡವೇ ಬೇಡ. ಆಗಲೇ ಬೆಟ್ಟದಷ್ಟಿರುವ ಅಪರಾಧಿ ಭಾವಕ್ಕೆ ಅವು ಇನ್ನಷ್ಟು ಕಲ್ಲು ಹೊರಿಸುತ್ತವೆ.

ತಟ್ಟೆ ಎಸೆದರೆ? ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತಟ್ಟೆ ತನ್ನಿ. ನಿಮ್ಮ ಕೈ ನಡುಗುತ್ತಿದ್ದರೆ ಇನ್ನೊಬ್ಬರು ಕೂರಲಿ. ಬಾಯಿಗೆ ಬಲವಂತವಾಗಿ ತುರುಕಬೇಡಿ: ಉಸಿರುಗಟ್ಟುವ ಅಪಾಯ ಒಂದು, ನಂಬಿಕೆ ಮುರಿಯುವುದು ಇನ್ನೊಂದು. ತೀರ ಆಗಲೇ ಇಲ್ಲವೆಂದರೆ ಡಯಟೀಷಿಯನ್ ಹೇಳಿದ ಪೌಷ್ಟಿಕ ಪಾನೀಯವನ್ನು ಬದಲಿಯಾಗಿ ಕೊಡಿ. ಅದೂ ಇಳಿಯದೆ ಒಂದು ದಿನ ಪೂರ್ತಿ ಹೋದರೆ ವೈದ್ಯರಿಗೆ ಫೋನ್.

ಊಟದ ನಂತರದ ಒಂದು ಗಂಟೆ

ಬಹಳ ಮನೆಗಳಲ್ಲಿ ಊಟ ಮುಗಿದ ಕೂಡಲೇ ಎಲ್ಲರೂ ಉಸ್ಸೆಂದು ಏಳುತ್ತಾರೆ. ಕಷ್ಟದ ಹೊತ್ತು ಆಗಷ್ಟೇ ಶುರುವಾಗಿರುತ್ತದೆ. ಹೊಟ್ಟೆ ಬಿಗಿದಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯ ಸೆಳೆತ ಇದ್ದರೆ ಅದು ಈಗಲೇ. ಅರ್ಧ ಗಂಟೆಯಿಂದ ಒಂದು ಗಂಟೆ ಜೊತೆಗಿರಿ: ಇಸ್ಪೀಟು, ಹೆಣಿಗೆ, ಒಂದು ಎಪಿಸೋಡು. ಶೌಚಕ್ಕೆ ಊಟಕ್ಕೆ ಮುಂಚೆಯೇ ಹೋಗಿಬರುವ ರೂಢಿ ಮಾಡಿ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡರೆ ಕೊಂಚ ಹಗುರ.

ಅರ್ಧ ತಟ್ಟೆಗೇ ಹೊಟ್ಟೆ ತುಂಬಿತು ಎಂಬ ದೂರು ಸುಳ್ಳಲ್ಲ. ಬಹಳ ದಿನ ಖಾಲಿ ಬಿದ್ದಿದ್ದ ಹೊಟ್ಟೆ ತಿಂದದ್ದನ್ನು ನಿಧಾನವಾಗಿ ಮುಂದಕ್ಕೆ ಸಾಗಿಸುತ್ತದೆ, ಉಬ್ಬರ, ಮಲಬದ್ಧತೆ ಬರುತ್ತವೆ. ಮದ್ದು ಮತ್ತೆ ಊಟವೇ. ಹೊತ್ತಿಗೆ ಸರಿಯಾಗಿ ತಿನ್ನುತ್ತಾ ಹೋದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ರಾತ್ರಿ ಮೈ ಬೆವರುತ್ತದೆ. ಸರಿಯಾಗಿ ತಿಂದರೂ ತೂಕ ನಿಂತಲ್ಲೇ ನಿಲ್ಲುತ್ತದೆ. ದೇಹದ ಒಲೆ ಮತ್ತೆ ಹೊತ್ತಿಕೊಂಡಿದೆ ಎಂದರ್ಥ. ಪ್ರಮಾಣ ಇನ್ನೂ ಏರಿಸಬೇಕಾಗಬಹುದು.

ವ್ಯಾಯಾಮವೂ ಒಂದು ಬಗೆಯ ವಾಂತಿಯೇ, ಬೆವರಿನ ರೂಪದ್ದು. ರಾತ್ರಿ ಬಾಗಿಲು ಮುಚ್ಚಿದ ಕೋಣೆಯಿಂದ ಧಡ್ ಧಡ್ ಸದ್ದು, ಕೂರಬಹುದಾದಲ್ಲೂ ನಿಂತೇ ಇರುವುದು, ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಲು ಸಿಗುವ ನೆಪ. ವೈದ್ಯರು ಒಪ್ಪುವವರೆಗೆ ಇವಕ್ಕೆ ವಿರಾಮ.

ಬುಲಿಮಿಯಾ, ಬಿಂಜ್ ಇದ್ದರೆ

ಬೀರುವಿಗೆ ಬೀಗ ಹಾಕುವುದು ಮನೆಯವರಿಗೆ ಮೊದಲು ಹೊಳೆಯುವ ಉಪಾಯ. ಅದು ನಿಷೇಧವನ್ನು ಬಿಗಿ ಮಾಡುತ್ತದೆ, ನಿಷೇಧವೇ ಬಿಂಜ್‌ನ ಬೀಜ. ಬೆಳಿಗ್ಗೆಯ ತಿಂಡಿ ತಪ್ಪದಂತೆ ನೋಡಿಕೊಳ್ಳುವುದು ಬೀಗಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿ ಬಿಂಜ್ ಆಗಿದ್ದರೆ ಮರುದಿನ ಬೆಳಿಗ್ಗೆ ಮಾಮೂಲಿ ತಿಂಡಿಯನ್ನೇ ಬಡಿಸಿ, 'ಇವತ್ತು ಕಡಿಮೆ ತಿನ್ನು' ಎಂಬ ಮಾತು ಬೇಡ. ವಾಂತಿ ಆಗಿಹೋಗಿದ್ದರೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಹಲ್ಲುಜ್ಜಲು ಅರ್ಧ ಗಂಟೆಯಾದರೂ ಕಾಯಬೇಕು, ಆಮ್ಲದಿಂದ ಮೆತ್ತಗಾದ ದಂತಕವಚವನ್ನು ಬ್ರಷ್ ತೇಯುತ್ತದೆ. ಭೇದಿ ಮಾತ್ರೆ ಕ್ಯಾಲೊರಿಯನ್ನು ಹೆಚ್ಚೇನೂ ಹೊರಹಾಕುವುದಿಲ್ಲ, ಹೋಗುವುದು ನೀರು, ಪೊಟ್ಯಾಸಿಯಂ. ಅದನ್ನು ನಿಲ್ಲಿಸಿದಾಗ ಕೆಲವು ದಿನ ಮೈ ಊದುತ್ತದೆ. ಇದನ್ನು ಮೊದಲೇ ಹೇಳಿಟ್ಟಿರದಿದ್ದರೆ ಗಾಬರಿಬಿದ್ದು ಮತ್ತೆ ಮಾತ್ರೆಗೆ ಕೈಹಾಕುತ್ತಾರೆ. ಊತ ಹೆಚ್ಚಿದರೆ ವೈದ್ಯರಿಗೆ ತೋರಿಸಿ.

ತಕ್ಕಡಿ ಮತ್ತು ನೆಂಟರು

ಮನೆಯಲ್ಲಿ ತಕ್ಕಡಿ ಬೇಡ. ತೂಕವನ್ನು ಕ್ಲಿನಿಕ್ಕಿನಲ್ಲಿ, ಒಂದೇ ಹೊತ್ತಿನಲ್ಲಿ, ತೆಳು ಬಟ್ಟೆಯಲ್ಲಿ, ಮೂತ್ರ ಮಾಡಿಬಂದ ಮೇಲೆ ನೋಡಲಿ. ಹೋಗುವ ಮುಂಚೆ ಲೀಟರುಗಟ್ಟಲೆ ನೀರು ಕುಡಿಯುವುದು, ಜೇಬಿನಲ್ಲಿ ನಾಣ್ಯ ತುಂಬಿಕೊಳ್ಳುವುದು ಹಳೆಯ ಯುಕ್ತಿಗಳು. ನೀರಿನದ್ದು ಬರೀ ಮೋಸವಲ್ಲ, ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಒಂದು ವಾರದ ಅಂಕಿಗೆ ಹಿಗ್ಗಬೇಡಿ, ಕುಗ್ಗಬೇಡಿ. ನಾಲ್ಕು ವಾರದ ಗೆರೆ ನೋಡಿ.

'ಈಗ ಚೆನ್ನಾಗಿ ಕಾಣ್ತೀಯ, ಮುಖ ತುಂಬಿಕೊಂಡಿದೆ' ಎಂದು ನೆಂಟರು ಪ್ರೀತಿಯಿಂದಲೇ ಹೇಳುತ್ತಾರೆ. ಕೇಳುವ ಕಿವಿಗೆ ಅದು 'ದಪ್ಪ ಆದೆ' ಎಂದೇ ಕೇಳಿಸುತ್ತದೆ. ಬರುವ ಮುಂಚೆ ಫೋನ್ ಮಾಡಿ, ಮೈ, ತೂಕ, ಊಟ, ಡಯೆಟ್ ಬಗ್ಗೆ ಒಂದು ಮಾತೂ ಬೇಡ ಎಂದು ಹೇಳಿಬಿಡಿ. ಮನೆಯಲ್ಲೇ ಯಾರಾದರೂ ಡಯೆಟ್ಟಿನಲ್ಲಿದ್ದರೆ ಅದನ್ನು ಸದ್ಯಕ್ಕೆ ಕೈಬಿಡಬೇಕು. ಇದು ಕಠಿಣ ಎನಿಸಬಹುದು, ಆದರೆ ಒಂದೇ ಮೇಜಿನಲ್ಲಿ ಎರಡು ನಿಯಮ ನಡೆಯುವುದಿಲ್ಲ.

ಕಾಯದೆ ಹೊರಡಬೇಕಾದಾಗ

ತಲೆತಿರುಗಿ ಬಿದ್ದರೆ, ಎದೆನೋವು ಅಥವಾ ಎದೆಬಡಿತದ ಏರುಪೇರು ಇದ್ದರೆ, ಎಚ್ಚರವಿದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ, ಕುಕ್ಕರುಗಾಲಿನಲ್ಲಿ ಕೂತವರು ಕೈ ಊರದೆ ಏಳಲಾರದೆ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರೂ ಬಿಟ್ಟರೆ, ಅಂದೇ ಆಸ್ಪತ್ರೆ. ಟೈಪ್ 1 ಮಧುಮೇಹ ಇರುವವರು ತೂಕ ಇಳಿಸಲು ಇನ್ಸುಲಿನ್ ತಪ್ಪಿಸುತ್ತಿದ್ದಾರೆ ಎಂಬ ಅನುಮಾನ ಬಂದರೂ ಅಷ್ಟೇ. ಈ ಕಾಯಿಲೆಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಸಾಯುವ ಮಾತು ಬಂದರೆ 'ಹಾಗೆಲ್ಲ ಅನ್ನಬೇಡ' ಎಂದು ಬಾಯಿ ಮುಚ್ಚಿಸದೆ, ನೇರವಾಗಿ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?' ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ತುರ್ತು ಸಹಾಯ ಪಡೆಯಿರಿ.

ಕೈ ಬಿಡುವ ಹಂತ

ತೂಕ ಒಂದು ಹಂತಕ್ಕೆ ಬಂದು, ಊಟ ಹೆಚ್ಚು ಜಗಳವಿಲ್ಲದೆ ನಡೆಯುತ್ತಿದ್ದರೆ ಜವಾಬ್ದಾರಿಯನ್ನು ಚೂರುಚೂರಾಗಿ ಹಿಂದಿರುಗಿಸಿ. ಮೊದಲು ಒಂದು ತಿಂಡಿಯನ್ನು ಅವರೇ ಬಡಿಸಿಕೊಳ್ಳಲಿ, ನೀವು ನೋಡಿ. ಒಂದೆರಡು ವಾರ ಸರಿಹೋದರೆ ಆ ತಿಂಡಿ ನೀವಿಲ್ಲದೆ. ಆಮೇಲೆ ಒಂದು ಊಟ. ಇಲ್ಲಿ ಆಗುವ ತಪ್ಪು ಒಂದೇ: ಮನೆಯವರು ಬಳಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಬಳಲಿಕೆ ಸಹಜವೇ, ವಾರಕ್ಕೆ 42 ಸಲ ಕೂರುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಶುರುವಿನಲ್ಲೇ ಪಾಳಿ ಹಾಕಿಕೊಳ್ಳಿ, ಇಬ್ಬರೂ ಒಂದೇ ಮಾತು ಆಡುವಂತೆ ಮೊದಲೇ ಒಪ್ಪಿಕೊಳ್ಳಿ. ಅಮ್ಮ 'ಪೂರ್ತಿ' ಎಂದು, ಅಪ್ಪ 'ಇರಲಿ ಬಿಡು' ಎಂದರೆ ಕಾಯಿಲೆ ಆ ಸಂದಿನಲ್ಲೇ ನುಸುಳುತ್ತದೆ.

ಆಸ್ಪತ್ರೆಯಿಂದ ಬಂದ ಮೊದಲ ವರ್ಷ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಪರೀಕ್ಷೆ, ಹೊಸ ಊರು, ಜ್ವರದಲ್ಲಿ ಇಳಿದ ಎರಡು ಕಿಲೋ, ಇಷ್ಟು ಸಾಕು. 'ಈಗಷ್ಟೇ ತಿಂದೆ' ಎಂಬ ಮಾತು, ಮತ್ತೆ ಉದ್ದ ತೋಳಿನ ಅಂಗಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ನಿಂತ ಚೂರುಗಳು ಕಂಡರೆ ತೂಕ ಇಳಿಯಲೆಂದು ಕಾಯಬೇಡಿ. ಕೊನೆಯದಾಗಿ ಯಾವ ಏರ್ಪಾಡಿನಲ್ಲಿ ಎಲ್ಲ ಸರಿಯಿತ್ತೋ ಆ ಏರ್ಪಾಡಿಗೆ ಅಂದೇ ಮರಳಿ: ನೀವು ಬಡಿಸಿ, ಕುರ್ಚಿ ಎಳೆದುಕೊಂಡು ಎದುರು ಕೂತು, ನಿಮ್ಮ ತಟ್ಟೆಯಿಂದ ಮೊದಲ ತುತ್ತು ಎತ್ತಿ.