830ರಿಂದ ಭಾಗಿಸಿ, 40 ಕೂಡಿಸಿ: ವಿಮಾನದ ಅಂತರ, ಅವಧಿ ಲೆಕ್ಕದ ನನ್ನ ಅನುಭವ

ಎರಡು ನಿಲ್ದಾಣಗಳ ನಡುವಿನ ಅಂತರ, ಅವಧಿ ಎರಡನ್ನೂ ಎಕ್ಸೆಲ್‌ನಲ್ಲೇ ತೆಗೆಯಬಹುದು ಅಂದಾಗ ಟ್ರಾವೆಲ್ ಡೆಸ್ಕ್‌ನಲ್ಲಿ ಯಾರೂ ಒಪ್ಪಲಿಲ್ಲ. ತಿಂಗಳಿಗೆ ನಾಲ್ಕೈದು ಸಾವಿರ ಕೊಟ್ಟು ಡೇಟಾ ಸೇವೆ ತಗೊಳ್ಳೋದೇ ದಾರಿ ಅಂದರು. ಈಗ ಬೆಂಗಳೂರಿನಿಂದ ಹೊರಡುವ ದೇಶೀಯ ಮಾರ್ಗಗಳಲ್ಲಿ ನಮ್ಮ ಹಾಳೆಗೂ ವೇಳಾಪಟ್ಟಿಗೂ ಹತ್ತು ನಿಮಿಷದೊಳಗಿನ ವ್ಯತ್ಯಾಸ. ಖರ್ಚು ಸೊನ್ನೆ.

ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಅವರ್‌ಏರ್‌ಪೋರ್ಟ್ಸ್ ಅನ್ನುವ ಜಾಲತಾಣದ ಪಟ್ಟಿಯಲ್ಲಿ ಪುಕ್ಕಟೆ ಸಿಗುತ್ತವೆ. ಅಕ್ಷಾಂಶ, ರೇಖಾಂಶಗಳಿಂದ ಗೋಳದ ಮೇಲಿನ ಅತಿ ಹತ್ತಿರದ ದಾರಿ ಲೆಕ್ಕ ಹಾಕುವುದು ಹ್ಯಾವರ್ಸೈನ್ ಸೂತ್ರ, ಅದಕ್ಕೆ ಭೂಮಿಯ ತ್ರಿಜ್ಯ 6371 ಕಿ.ಮೀ. ಹಾಕಿ. ಕೆಡುವುದು ಸೂತ್ರವಲ್ಲ, ಒಳಗೆ ಹಾಕುವ ಅಂಕಿ. ಬೆಂಗಳೂರು ನಿಲ್ದಾಣ 13°11′56″ ಉತ್ತರ, 77°42′20″ ಪೂರ್ವ. ಇದನ್ನೇ 13.1156, 77.4220 ಅಂತ ಬರೆದರೆ ದೇವನಹಳ್ಳಿಯ ನಿಲ್ದಾಣ ನೆಲಮಂಗಲದ ಹತ್ತಿರ ಹೋಗಿ ಕೂರುತ್ತದೆ, ಮೂವತ್ತು ಚಿಲ್ಲರೆ ಕಿ.ಮೀ. ತಪ್ಪು. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿಯೇ ಕೂಡಿಸಬೇಕು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಬಿಟ್ಟುಹೋದರೆ ಸ್ಯಾನ್ ಫ್ರಾನ್ಸಿಸ್ಕೊ ಚೀನಾದ ಶಾಂಡಾಂಗ್ ಕರಾವಳಿಗೆ ಬಂದು, ಬೆಂಗಳೂರಿನಿಂದ 14,000 ಕಿ.ಮೀ. ದಾರಿ 5,200ಕ್ಕೆ ಇಳಿಯುತ್ತದೆ. ಇನ್ನೊಂದು: ಈ ಸೂತ್ರದಲ್ಲಿ ಕೋನ ತೆಗೆಯಲು ಬಳಸುವ ಎಕ್ಸೆಲ್‌ನ ಎಟ್ಯಾನ್2 (ATAN2) ಫಂಕ್ಷನ್ ಮೊದಲು ಎಕ್ಸ್, ಆಮೇಲೆ ವೈ ಕೇಳುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಿರುಗಾಮುರುಗಾ. ಅಲ್ಲಿಂದ ಸೂತ್ರ ನಕಲು ಮಾಡುವವರು ನೋಡಿಕೊಳ್ಳಿ.

ನಿಜವಾದ ತಲೆನೋವು ಅವಧಿಯದು. ದೇಶೀಯ ಮಾರ್ಗಗಳಲ್ಲಿ ಹೆಚ್ಚಾಗಿ ಓಡುವ ಏರ್‌ಬಸ್ ಎ320 ಜೆಟ್ ಗಂಟೆಗೆ ಸುಮಾರು 830 ಕಿ.ಮೀ. ಹಾರುತ್ತದೆ. ಬರೀ ಅದರಿಂದ ಭಾಗಿಸಿದರೆ ಮಂಗಳೂರಿನ 306 ಕಿ.ಮೀ.ಗೆ 22 ನಿಮಿಷ ಬರುತ್ತದೆ, ಟಿಕೆಟ್‌ನಲ್ಲಿರುವುದು ಗಂಟೆಯ ಮೇಲೆ. ಟಿಕೆಟ್ಟಿನದು ಬ್ಲಾಕ್ ಟೈಮ್: ವಿಮಾನ ನೆಲದ ಮೇಲೆ ಉರುಳುವುದು (ಟ್ಯಾಕ್ಸಿ), ಏರುವುದು, ಇಳಿಯುವುದು, ಸರದಿಗೆ ಕಾಯುವುದು ಎಲ್ಲ ಸೇರಿ. 35,000 ಅಡಿಯಿಂದ ಇಳಿಯುವುದಕ್ಕೇ 190 ಕಿ.ಮೀ. ಬೇಕು. ಇಷ್ಟಕ್ಕೆಲ್ಲ 40 ನಿಮಿಷ ಕೂಡಿಸಿದರೆ ಮಂಗಳೂರು 62, ಹೈದರಾಬಾದ್ (455 ಕಿ.ಮೀ.) 73, ದೆಹಲಿ (1,710 ಕಿ.ಮೀ.) 164 ನಿಮಿಷ. ಮೂರೂ ವೇಳಾಪಟ್ಟಿಗೆ ಹತ್ತಿರ. ಶೇಕಡಾವಾರು ಕೂಡಿಸಿ ನೋಡಿದ್ದೂ ಆಯಿತು. ದೆಹಲಿಗೆ ಸರಿಹೋದದ್ದು ಮಂಗಳೂರಿಗೆ ಹೊಂದಲೇ ಇಲ್ಲ.

ಹುಬ್ಬಳ್ಳಿಯಂಥ ಕಡೆಗೆ ಎಟಿಆರ್ (ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನ) ಆದರೆ 500ರಿಂದ ಭಾಗಿಸಿ, 30 ಕೂಡಿಸಿ.

ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ (ವಿಮಾನ ಹಾರುವ ಎತ್ತರದ ವೇಗದ ಗಾಳಿ) ಜೋರು. ದೆಹಲಿ–ಕೋಲ್ಕತ್ತ 1,310 ಕಿ.ಮೀ. ದಾರಿಯಲ್ಲಿ ಗಂಟೆಗೆ 130 ಕಿ.ಮೀ. ಗಾಳಿಯಿದ್ದರೆ ಹೋಗುವುದಕ್ಕಿಂತ ಬರುವುದಕ್ಕೆ ಅರ್ಧ ಗಂಟೆ ಹೆಚ್ಚು. ತಿಂಗಳು, ದಿಕ್ಕು ನೋಡಿ ಈ ಗಾಳಿಯ ಅಂಕಿ ಆರಿಸುವ ಕೋಷ್ಟಕ ನಮ್ಮದೇ, ಅದನ್ನು ಸದ್ಯ ಹಂಚುವುದಿಲ್ಲ.

ಸೂತ್ರ ಸೋಲುವುದು ದಾರಿ ನೇರ ಇಲ್ಲದಾಗ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿ–ಲಂಡನ್‌ನ 6,730 ಕಿ.ಮೀ. ಲೆಕ್ಕ ನಿಲ್ಲಲಿಲ್ಲ. ನಡುವೆ ಮಸ್ಕತ್ ಇಟ್ಟು ಎರಡು ತುಂಡು ಮಾಡಿ ಕೂಡಿಸಿ: 1,960, 5,830, ಒಟ್ಟು 7,790. ಒಂದೂಕಾಲು ಗಂಟೆ ಹೆಚ್ಚು. 40 ನಿಮಿಷ ಮಾತ್ರ ಒಂದೇ ಸಲ ಸೇರಿಸಿ.