ಕಕ್ಕಡದಲ್ಲಿ ಗೋಡೆ ಹತ್ತಿದ ಎರೆಹುಳು

ಎರೆಗೊಬ್ಬರಕ್ಕೆ ನೀರು ಚಿಮುಕಿಸೋದು ಮರೀಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಕೊಡಗಿನ ಸುಂಟಿಕೊಪ್ಪದ ಮಳೆಯಲ್ಲಿ ಕೂತವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ.

ನಾನು ಶುರು ಮಾಡಿದ್ದು ಒಂದು ಹಳೇ ನೀಲಿ ಡ್ರಮ್ಮಿನಲ್ಲಿ. ಅದನ್ನು ಉದ್ದಕ್ಕೆ ಸೀಳಿ, ತಳಕ್ಕೆ ತೂತು ಕೊರೆದು, ಕೊಟ್ಟಿಗೆಯ ಪಕ್ಕ ಶೀಟಿನ ಕೆಳಗೆ ಇಟ್ಟೆ. ದುಡ್ಡು ಯಾಕೆ ಸುಮ್ನೆ ಅಂತ ತೋಟದ ಹುಳುಗಳನ್ನೇ ಅಗೆದು ತಂದು ಬಿಟ್ಟೆ. ಎರಡು ವಾರದಲ್ಲಿ ಒಂದೂ ಕಾಣಲಿಲ್ಲ. ಅವು ಮಣ್ಣಿನ ಆಳದಲ್ಲಿ ಬದುಕುವ ಜಾತಿ. ಕಸ ತಿನ್ನಲು ಮೇಲ್ಪದರದಲ್ಲೇ ಇರುವ ಹುಳು ಬೇಕು. ಕೊನೆಗೆ ಒಂದು ಕಿಲೋ ಐಸೀನಿಯಾ ಫೆಟಿಡಾ ಕೊಂಡು ತಂದೆ. ಕೆಂಪಗೆ, ತೆಳ್ಳಗೆ ಇರುತ್ತದೆ, ನಮ್ಮ ಚಳಿಯನ್ನೂ ತಡೆಯುತ್ತದೆ.

ತಳದಲ್ಲಿ ತೆಂಗಿನ ಸಿಪ್ಪೆ, ಮೇಲೆ ಒಣಗಿದ ಹಾಲುವಾಣದ ಎಲೆ, ಅದರ ಮೇಲೆ 20 ದಿನ ಹಳೆಯ ಸಗಣಿ. ಹಸಿ ಸಗಣಿ ಬಿಸಿಯೇರುತ್ತದೆ, ಹುಳು ಸಾಯುತ್ತದೆ. ಜೂನ್ ಪೂರ್ತಿ ಎಲ್ಲ ಚೆನ್ನಾಗಿತ್ತು.

ಆಮೇಲೆ ಕಕ್ಕಡ ಬಂತು, ಜುಲೈ-ಆಗಸ್ಟ್‌ನ ನಮ್ಮ ಜಡಿಮಳೆ ತಿಂಗಳು. ಗಾಳಿಗೆ ಮಳೆ ಅಡ್ಡಡ್ಡ ಹೊಡೆಯಿತು, ತಳದ ತೂತುಗಳಿಗೆ ಎಲೆ ಕಟ್ಟಿಕೊಂಡಿತು. ಬೆಳಗ್ಗೆ ಹಾಲು ಕರೆಯಲು ಹೋದರೆ ಕೊಟ್ಟಿಗೆ ಗೋಡೆ ತುಂಬ ಹುಳು! ಕೋಳಿಗಳಿಗೆ ಅವತ್ತು ಹಬ್ಬ. ಎರೆಹುಳು ಉಸಿರಾಡುವುದು ಚರ್ಮದಿಂದ. ಒದ್ದೆ ಬೇಕು ನಿಜ, ಆದರೆ ಕಸದ ಸಂದಿಯಲ್ಲೆಲ್ಲ ನೀರು ನಿಂತರೆ ಗಾಳಿ ಎಲ್ಲಿಂದ ಬರಬೇಕು?

ಈಗ ಡ್ರಮ್ಮು ಇಟ್ಟಿಗೆಯ ಮೇಲಿದೆ, ಒಂದು ಕಡೆಗೆ ಸ್ವಲ್ಪ ಇಳಿಜಾರು. ಪಡುವಣ ಬದಿಗೆ ಟಾರ್ಪಾಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹನಿ ನೀರೂ ಹಾಕುವುದಿಲ್ಲ, ಒಣ ತರಗು ಹಾಕುತ್ತೇನೆ. ಮಳೆಗಾಲದಲ್ಲಿ ಒಣ ತರಗು ಎಲ್ಲಿ ಸಿಗುತ್ತೆ ಅಂತೀರಾ? ಮಾರ್ಚ್‌ನಲ್ಲೇ ಗುಡಿಸಿ ನಾಲ್ಕೈದು ಗೋಣಿಚೀಲ ತುಂಬಿ ಅಟ್ಟಕ್ಕೆ ಏರಿಸುತ್ತೇನೆ, ಸೌದೆ ಕೂಡಿಟ್ಟ ಹಾಗೆ. ಸಿಲ್ವರ್ ಓಕ್ ಎಲೆ ಕರಗಲು ಬಹಳ ದಿನ ಹಿಡಿಯುತ್ತದೆ, ಆದರೆ ಕಸ ಒತ್ತಿಕೊಳ್ಳದಂತೆ ಬಿಡಿಬಿಡಿಯಾಗಿ ಇಡುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ತರಗು ಸೇರಿಸುವ ಹೊತ್ತು.

ಜನವರಿಯಲ್ಲಿ ಇನ್ನೊಂದು ತಪ್ಪು. ಕಾಫಿ ಹಣ್ಣಿನ ಸಿಪ್ಪೆ ಬುಟ್ಟಿಗಟ್ಟಲೆ ಬಿದ್ದಿತ್ತು, ಹಸಿಯಾಗೇ ಸುರಿದೆ. ಕೈ ಇಟ್ಟರೆ ಸುಡುವಷ್ಟು ಕಾವು, ಹುಳಿ ವಾಸನೆ ಬೇರೆ. ಈಗ ಅದನ್ನು ಸಗಣಿ ಜೊತೆ ಬೇರೆ ಗುಡ್ಡೆ ಹಾಕಿ, ಮಗುಚುತ್ತಾ, ಪೂರ್ತಿ ತಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ. ಅಡುಗೆಮನೆಯಿಂದ ತರಕಾರಿ ಸಿಪ್ಪೆ, ಮೊಟ್ಟೆ ಚಿಪ್ಪು ಹೋಗುತ್ತದೆ. ಪಂದಿ ಕರಿ ಮಿಕ್ಕಿದ್ದು, ಉಪ್ಪಿನಕಾಯಿ ಖಂಡಿತ ಬೇಡ. ಇಲಿ ಬರುತ್ತದೆ, ಉಪ್ಪಿಗೆ ಹುಳುವೂ ಉಳಿಯುವುದಿಲ್ಲ.

ಎರಡೂವರೆ ತಿಂಗಳಿಗೆ ಗೊಬ್ಬರ ಸಿದ್ಧ. ಬೆಳಕಿನಲ್ಲಿ ಚೀಲದ ಮೇಲೆ ಗುಡ್ಡೆ ಹಾಕಿದರೆ ಹುಳು ಬೆಳಕಿಗೆ ಹೆದರಿ ಕೆಳಗಿಳಿಯುತ್ತದೆ, ಮೇಲಿಂದ ಕೆರೆದುಕೊಳ್ಳಬಹುದು. ಈ ಸಲದ್ದನ್ನು ಬದನೆ ಗಿಡಕ್ಕೆ ಅಂತ ಎತ್ತಿಟ್ಟಿದ್ದೆ. ಸಂಜೆ ನೋಡಿದರೆ ಅತ್ತೆಯ ಆಂಥೂರಿಯಂ ಕುಂಡಗಳಲ್ಲಿ ಇತ್ತು.